ಕಾಲು ಟ್ಯಾಂಕಿನ ಸುಳ್ಳು

ಮೀಟರಕ್ಕನಿಗೆ ಚಿಕ್ಕಪ್ಪನ ಮುಖದ ನೀರಿಳಿಸಬೇಕಿತ್ತು. ಹನ್ನೊಂದು ವರ್ಷದಿಂದ ಅದೊಂದೇ ಹಟ. ಬೇರೆ ಆಸೆಗಳು ಇರಲಿಲ್ಲವೆಂದಲ್ಲ, ಆದರೆ ಅವೆಲ್ಲ ಇದಾದ ಮೇಲೆ. ಎದ್ದಾಗ ಒಂದು ಸಲ, ಮಲಗುವಾಗ ಒಂದು ಸಲ ಅದನ್ನು ನೆನಪು ಮಾಡಿಕೊಳ್ಳುತ್ತಿದ್ದಳು, ಎಲ್ಲಿ ಮರೆತುಹೋಗುತ್ತದೋ ಎಂದು.

ಅವಳ ಅಪ್ಪ ಮೀಟರ್ ರಿಪೇರಿಯವನು. ಕಾರಿನ ಸ್ಟೀರಿಂಗ್ ಹಿಂದೆ ವೇಗ, ಪೆಟ್ರೋಲು, ಓಡಿದ ಕಿಲೋಮೀಟರು ಎಲ್ಲ ತೋರಿಸುವ ಮುಳ್ಳುಗಳ ಡಬ್ಬಿ ಇರುತ್ತದಲ್ಲ, ಅದನ್ನು ಬಿಚ್ಚಿ ಸರಿಮಾಡುವ ಕೆಲಸ. ಅಪ್ಪ ತೀರಿಕೊಂಡಾಗ ಗ್ಯಾರೇಜು ಚಿಕ್ಕಪ್ಪನ ಕೈಗೆ ಬಂತು, ಮೀಟರಿನ ಮೇಜು ಇವಳ ಪಾಲಿಗೆ. ಚಿಕ್ಕಪ್ಪನದು ಹಳೇ ಕಾರು ಕೊಂಡು ಮಾರುವ ವ್ಯಾಪಾರ. ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರೊಬ್ಬರು ಉರಿದು ಬಂದರು. ಅವರಿಗೆ ಮಾರಿದ ಕಾರಿನ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದರು, ಸೀಟಿನ ಕೆಳಗೆ ಸಿಕ್ಕ ಹಳೇ ಸರ್ವಿಸ್ ಪುಸ್ತಕದಲ್ಲಿ ಅದಕ್ಕಿಂತ ಎರಡರಷ್ಟು ಕಿಲೋಮೀಟರ್ ಬರೆದಿತ್ತು. ಅವರ ಕೂಗಿಗೆ ಬೀದಿಯೇ ಸೇರಿತು. ಚಿಕ್ಕಪ್ಪ ಗ್ಯಾರೇಜಿನ ಮೆಟ್ಟಿಲ ಮೇಲೆ ನಿಂತು ಇವಳತ್ತ ಬೆರಳು ಮಾಡಿದ. “ಇಲ್ಲಿ ಮೀಟರ್ ಬಿಚ್ಚೋದು ಇವಳೊಬ್ಬಳೇ. ನನಗೇನ್ ಗೊತ್ತು ಸ್ವಾಮಿ?” ಎಂದು ಕೈ ತೊಳೆದುಕೊಂಡ.

ಬೀದಿ ನಂಬಿತು, ಅದು ಹೋಗಲಿ. ರಾತ್ರಿ ಅನ್ನಕ್ಕೆ ಕೂತಾಗ ಅಮ್ಮ ಕೇಳಿದಳು, “ನಿಜ ಹೇಳು, ನೀನೇ ಮಾಡಿದ್ಯಾ?” ಇವಳು ತಟ್ಟೆ ಬಿಟ್ಟು ಎದ್ದಳು.

ಅಂದಿನಿಂದ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೊದಲ ಮೂರು ವರ್ಷ ಒಬ್ಬನೂ ಅತ್ತ ತಲೆ ಹಾಕಲಿಲ್ಲ. ಆಮೇಲೆ ಬೇರೆ ದಾರಿಯಿಲ್ಲದೆ ಬಂದರು, ಏಕೆಂದರೆ ಹಳೇ ಕಾರುಗಳ ಮೀಟರಿನ ಒಳಗುಟ್ಟು ತಿಳಿದವರು ಅವಳನ್ನು ಬಿಟ್ಟರೆ ಇರಲಿಲ್ಲ. ಬಂದವರಿಗೆ ಅವಳದೊಂದು ಕಟ್ಟುನಿಟ್ಟು. ಬಿಚ್ಚುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ, ಎಷ್ಟು ಕಿಲೋಮೀಟರ್ ಇದೆ ಎಂದು ಗಿರಾಕಿಯೇ ತನ್ನ ಕೈಯಾರೆ ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.

ಅಂಥವಳ ಬಾಗಿಲಿಗೆ ಒಂದು ಬೆಳಿಗ್ಗೆ ಚಿಕ್ಕಪ್ಪನೇ ಬಂದ! ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ.

“ಹೇಗಿದೀಯಮ್ಮಾ? ಈ ಡಬ್ಬಾ ಕಾರಿನ ಮೀಟರ್ ಪ್ರಾಣ ತಿಂತಿದೆ ನೋಡು. ಬಿಸಿಯಾದ್ರೆ ಎಲ್ಲಾ ಮುಳ್ಳೂ ಮಲಗ್ತವೆ. ಮೇಲೊಂದು ಗುದ್ದಿದ್ರೆ ಎದ್ದು ಕೂರ್ತವೆ. ಹೊಸದು ಹಾಕ್ಸೋಣ ಅಂದ್ರೆ ಕಂಪನಿಯವರೇ ಮಾಡೋದು ಬಿಟ್ಟಿದಾರಂತೆ. ಮೂರು ಕಡೆ ತೋರಿಸ್ದೆ, ಆಗ್ಲಿಲ್ಲ. ಸಂಜೆ ಮಗಳ ಮನೆಗೆ ಹೋಗ್ಬೇಕು, ಎಂಬತ್ತು ಕಿಲೋಮೀಟರು. ದಾರೀಲಿ ಒಂದು ಪೆಟ್ರೋಲ್ ಬಂಕೂ ಇಲ್ಲ. ಟ್ಯಾಂಕಲ್ಲಿ ಇರೋದೇ ಸ್ವಲ್ಪ, ಮುಳ್ಳು ನೋಡ್ಕೊಂಡೇ ಹೊರಡ್ಬೇಕು.”

ಮೀಟರಕ್ಕನ ಕಿವಿ ನೆಟ್ಟಗಾಯಿತು. ಆಹಾ, ತಾನಾಗಿಯೇ ಬಂದು ಬಲೆಗೆ ಬಿದ್ದನಲ್ಲ! ಚೀಟಿ ಮುಂದಿಟ್ಟಳು.

“ಕಿಲೋಮೀಟರ್ ಬರೀರಿ ಚಿಕ್ಕಪ್ಪ.”

“ನನ್ನ ಹತ್ರಾನೂ ಬರೆಸ್ಕೋತೀಯಾ?” ಎಂದು ನಕ್ಕು ಅವನು ಬರೆದುಕೊಟ್ಟು, ಜಗಲಿಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತ. ಕೋಣೆಯ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ಮೈದುನನನ್ನು ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು.

ಡಬ್ಬಿ ಮೇಜಿಗೆ ಬಂತು. ಗಾಜು ತೆಗೆದಳು. ಪ್ರತಿ ಮುಳ್ಳೂ ಎಲ್ಲಿ ಮಲಗಿದೆ ಎಂದು ಪೆನ್ಸಿಲ್ಲಿನಲ್ಲಿ ಸಣ್ಣ ಗೀರು ಹಾಕಿ, ಎರಡು ಟೀ ಚಮಚಗಳನ್ನು ಅಡಿಗೆ ಕೊಟ್ಟು ಒಂದೊಂದನ್ನೇ ಮೀಟಿ ತೆಗೆದಳು. ಹಿಂದಿನ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದರೆ ರೋಗ ಕಣ್ಣಿಗೇ ಕಂಡಿತು. ವೈರು ಸಿಕ್ಕಿಸುವ ಪಿನ್ನುಗಳ ಬುಡದ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದಳು. ಆ ಕೆಲಸದಲ್ಲಿ ಎಳ್ಳಷ್ಟೂ ಮೋಸ ಮಾಡಲಿಲ್ಲ. ಮೋಸ ಬೇಕಿದ್ದದ್ದು ಮುಳ್ಳಿನಲ್ಲಿ.

ವೇಗದ ಮುಳ್ಳು ಸರಿಯಾಗಿಯೇ ಕೂತಿತು, ಅವನು ಸಾಯುವುದು ಅವಳಿಗೆ ಬೇಡವಾಗಿತ್ತು. ಪೆಟ್ರೋಲಿನ ಮುಳ್ಳನ್ನು ಮಾತ್ರ ಗೀರು ಬಿಟ್ಟು ಮೇಲಕ್ಕೆ ಒತ್ತಿದಳು. ಟ್ಯಾಂಕು ಒಣಗಿದ್ದರೂ ಇನ್ನೂ ಕಾಲು ಭಾಗ ಇದೆ ಎಂದು ಅದು ತೋರಿಸಬೇಕು. ಪೆಟ್ರೋಲು ಮುಗಿಯುವಾಗ ಹತ್ತುವ ದೀಪದ ಬಲ್ಬನ್ನೂ ಕಿತ್ತು ಜೇಬಿಗೆ ಹಾಕಿಕೊಂಡಳು. ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಕಾರು ಉಸಿರು ಬಿಡಬೇಕು, ಇವನು ಕ್ಯಾನು ಹಿಡಿದು ನಡೆಯಬೇಕು, ಬಾಯಿ ಒಣಗಬೇಕು. ಯೋಚಿಸುತ್ತಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಡಬ್ಬಿಯನ್ನು ಕಾರಿಗೆ ಕೂರಿಸಿ ಒಳಗೆ ಬಂದು ಇನ್ನೊಂದು ಚೀಟಿ ಮೇಜಿನ ಮೇಲಿಟ್ಟಳು. “ಕಾರಲ್ಲಿ ಕೂತು ಎಲ್ಲಾ ನೋಡಿ, ಮತ್ತೆ ಬರೀರಿ.”

“ಬರೆಯೋದು ಬರೀತೀನಿ. ನೋಡೋದೇನಮ್ಮ ಅದರಲ್ಲಿ?” ಎಂದು ಚಿಕ್ಕಪ್ಪ ಒಳಗೆ ಬಂದು, ನೋಡದೆಯೇ ಬೆಳಗಿನ ಅಂಕಿಯನ್ನು ಗೀಚಿದ. “ನಿನ್ನ ಕೈ ಸುಳ್ಳು ಹೇಳೋ ಕೈ ಅಲ್ಲ. ಅವತ್ತು ಆ ಮೇಷ್ಟ್ರ ಮೀಟರ್ ನಾನೇ ತಿರುಗಿಸಿದ್ದಲ್ವಾ? ಎಷ್ಟು ಕೆಟ್ಟದಾಗಿ ತಿರುಗಿಸಿದ್ದೆ ಅಂದ್ರೆ, ಅಂಕಿಗಳು ಒಂದು ಸಾಲಲ್ಲೂ ನಿಂತಿರಲಿಲ್ಲ! ನೀನು ಮಾಡಿದ್ರೆ ಹಾಗಿರ್ತಿತ್ತಾ?” ಎಂದು ಹೊಟ್ಟೆ ಕುಣಿಸಿ ನಕ್ಕ.

ಮೂಲೆಯಲ್ಲಿ ಅಮ್ಮನ ಕೈ ನಿಂತಿತು.

ಮೀಟರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಮನುಷ್ಯ! ಒಬ್ಬಳ ಬಾಳಿಗೆ ಮಸಿ ಬಳಿದದ್ದನ್ನು ತಮಾಷೆಯ ಮಾತಿನಂತೆ ಹೇಳುತ್ತಾನಲ್ಲ! ಹೋಗಲಿ, ಸಂಜೆ ನಡೆಯಲಿ, ಕಾಲು ಸವೆಯಲಿ ಎಂದುಕೊಂಡಳು. ಆದರೆ ಮರುಕ್ಷಣವೇ ಎದೆಯೊಳಗೆ ಏನೋ ಕಚ್ಚಿತು. ಸುಳ್ಳು ಹೇಳುವ ಮುಳ್ಳು ಈ ಕೈಯಿಂದ ಈವರೆಗೆ ಒಂದೂ ಹೊರಗೆ ಹೋಗಿರಲಿಲ್ಲ. ಈಗ ಹೋದರೆ ಅವನು ಅಂದು ಮೆಟ್ಟಿಲ ಮೇಲೆ ನಿಂತು ಹೇಳಿದ್ದೇ ನಿಜವಾಗುತ್ತದೆ. ಅವನ ಮಾತನ್ನು ನಿಜ ಮಾಡಿಕೊಡುವುದೇ? ಅದಕ್ಕಿಂತ ಸೇಡು ಬಿಟ್ಟರೂ ಆದೀತು ಅನ್ನಿಸಿತು. ಬಿಡುವವಳೇನೂ ಅಲ್ಲ, ಅದು ಬೇರೆ ಮಾತು.

ಹೊರಗೆ ಹೋಗಿ ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಮತ್ತೆ ಕಿತ್ತು ತಂದಳು.

“ಏನಾಯ್ತೇ?” ಎಂದ ಚಿಕ್ಕಪ್ಪ.

“ಪೆಟ್ರೋಲ್ ಮುಳ್ಳು ಸುಳ್ಳು ಹೇಳ್ತಿದೆ.”

“ತಪ್ಪಿ ಕೂತಿತಾ?”

“ತಪ್ಪಿ ಅಲ್ಲ. ಬೇಕಂತ ಕೂರಿಸ್ದೆ. ಸಂಜೆ ನೀವು ನಡುದಾರೀಲಿ ನಿಂತು ಒದ್ದಾಡ್ಲಿ ಅಂತ. ಈಗ ಸರಿ ಮಾಡ್ತೀನಿ, ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ನೀವು ಅವತ್ತು ಹೇಳಿದ ಸುಳ್ಳನ್ನ ನಾನ್ಯಾಕೆ ನಿಜ ಮಾಡ್ಲಿ?”

ಚಿಕ್ಕಪ್ಪನ ನಗು ಇಂಗಿತು. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ನಿಮ್ಮ ಕಾರಿನ ಕೀ ಗುರುತು ಹಿಡಿಯೋದು ಈ ಡಬ್ಬೀನೇ, ಇದಿಲ್ದೆ ಸ್ಟಾರ್ಟ್ ಆಗಲ್ಲ, ಗೊತ್ತಲ್ಲ? ಗ್ಯಾರೇಜ್ ಬೀದಿಗೆ ಹೋಗಿ. ಅದೇ ಮೆಟ್ಟಿಲು, ಅದೇ ಜನ. ಈಗ ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳಿ ಬನ್ನಿ.”

“ಹುಚ್ಚು ಹಿಡಿದಿದ್ಯಾ ನಿನಗೆ? ಹಳೇದೆಲ್ಲ ಈಗ ಯಾಕೆ? ಅತ್ತಿಗೆ, ನೀವಾದ್ರೂ ಹೇಳಿ ಇವಳಿಗೆ!”

ಅಮ್ಮ ಎದ್ದು ಬಂದಳು. “ಹೋಗಪ್ಪ. ಅವಳು ಹೇಳಿದ ಹಾಗೆ ಮಾಡು.”

ಗೊಣಗಿದ, ಬೈದ, ಜಗಲಿಯಲ್ಲಿ ಶತಪಥ ಹಾಕಿದ. ಇವಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವಳು ಪೆಟ್ರೋಲಿನ ಮುಳ್ಳನ್ನು ಗೀರಿನ ಮೇಲೆ ಸರಿಯಾಗಿ ಕೂರಿಸಿ, ಬಲ್ಬನ್ನು ಅದರ ಜಾಗಕ್ಕೆ ಹಾಕಿದಳು.

ಅರ್ಧ ಗಂಟೆಗೆ ಗ್ಯಾರೇಜ್ ಬೀದಿಯ ಟೈರ್ ಅಂಗಡಿಯವನ ಫೋನು ಬಂತು. ಅವಳು ಸ್ಪೀಕರ್ ಹಾಕಿ ಅಮ್ಮನ ಪಕ್ಕ ಇಟ್ಟಳು.

“ಅಕ್ಕಾ, ನಿಮ್ಮ ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತು ಮೀಟರ್ ತಿರುಗಿಸಿದ್ದು ನಾನು, ನಾನು ಅಂತಿದಾರೆ. ಹುಷಾರಾಗಿದಾರಾ?”

“ಹುಷಾರಾಗೇ ಇದಾರೆ. ಯಾರ್ಯಾರಿದೀರಿ ಅಲ್ಲಿ?”

“ನಾನು, ಪೇಂಟಿನವನು, ಬ್ಯಾಟರಿಯವನು.”

“ಇಂಜಿನ್ ಮೇಸ್ತ್ರಿ?”

“ಒಳಗಿದಾರೆ.”

“ಕರೀರಿ. ಅವರು ಬಂದ್ಮೇಲೆ ಮೊದಲಿಂದ ಹೇಳೋಕೆ ಹೇಳಿ. ಸ್ವಲ್ಪ ಜೋರಾಗಿ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವತ್ತು ನಾನು ನಿನ್ನನ್ನ ಹಾಗೆ ಕೇಳಬಾರದಿತ್ತು ಕಣೇ.”

“ಹೌದು, ಕೇಳಬಾರದಿತ್ತು” ಎಂದಳು ಮೀಟರಕ್ಕ.

ಫೋನಿನಲ್ಲಿ ಚಿಕ್ಕಪ್ಪ ಕೆಮ್ಮಿ ಮತ್ತೆ ಮೊದಲಿಂದ ಶುರುಮಾಡಿದ. ತಾಯಿ ಮಗಳು ಇಬ್ಬರೂ ಕೊನೆಯವರೆಗೆ ಕೇಳಿದರು.