ನೆಲ ಮುಟ್ಟದ ಬೂಟುಗಳು

ಕಳೆದ ಜೂನ್‌ನಲ್ಲಿ ಮೊಮ್ಮಗಳಿಗೆ ಶಾಲೆಯ ಬೂಟು ಕೊಡಿಸಲು ಲಿಂಗಸುಗೂರಿನ ಅಂಗಡಿಗೆ ಹೋಗಿದ್ದೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೊಸ ಚರ್ಮದ ವಾಸನೆ ಬಂತು. ಅಳತೆ ಸರಿಯಾಯಿತೋ ಇಲ್ಲವೋ ನೋಡಲೂ ಆಗದೆ ಹೊರಗೆ ಬಂದು ನಿಂತೆ...

ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಗುರುಗುಂಟಾ ಕಡೆಯ ಒಬ್ಬ ಹೆಣ್ಣುಮಗಳು ಬಾಡಿಗೆಗಿದ್ದಳು. ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಅವಳ ಕೂಸಿಗೆ ಹುಟ್ಟಿನಿಂದಲೇ ಬಲಪಾದ ಒಳಕ್ಕೆ ತಿರುಚಿತ್ತು. ವಾರ ವಾರ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಿದ್ದಳು. ಪಾದ ನೆಟ್ಟಗಾಯಿತು. ಮತ್ತೆ ತಿರುಗದಿರಲೆಂದು ಡಾಕ್ಟರು ಕಬ್ಬಿಣದ ಪಟ್ಟಿಯಿಂದ ಜೋಡಿಸಿದ ಎರಡು ಪುಟ್ಟ ಬೂಟು ಕೊಟ್ಟರು. ನಾಲ್ಕು ವರ್ಷ, ಮಲಗಿದಾಗಲೆಲ್ಲ ಹಾಕಬೇಕು.

ಅವಳಿಗಿದ್ದದ್ದು ಅದೊಂದೇ ಖೋಲಿ. ಅದರ ಗೋಡೆಯಲ್ಲೇ ನಮ್ಮ ಹಿರಿಯರ ಕಾಲದ ದೇವರ ಗೂಡಿತ್ತು. ಒಂದು ಸೋಮವಾರ ಬೆಳಿಗ್ಗೆ ದೀಪ ಹಚ್ಚಲು ಹೋದರೆ, ಕೂಸು ಗೂಡಿನ ಕೆಳಗೇ ಬೂಟು ಹಾಕಿಕೊಂಡು ಮಲಗಿತ್ತು.

"ಏನವ್ವಾ, ದೇವರ ಎದುರಿಗೆ ಬೂಟು ಹಾಕಿ ಮಲಗಿಸೀಯಲ್ಲ? ನಾಳೆ ನೀನೂ ಚಪ್ಪಲಿ ಮೆಟ್ಟಿಕೊಂಡು ಅಡಗಿ ಮಾಡ್ತಿಯೇನು?"

"ಕಾಕಾರ, ಅದು ಔಷಧ ಇದ್ದಂಗರೀ. ಒಮ್ಮೆನೂ ನೆಲ ಮುಟ್ಟಿಲ್ರೀ ಇವು." ಕೂಸಿನ ಕಾಲೆತ್ತಿ ಬೂಟಿನ ಅಡಿ ತೋರಿಸಿದಳು. ಒಂದು ಧೂಳಿನ ಕಣವೂ ಇರಲಿಲ್ಲ.

"ನಮ್ಮ ಮನ್ಯಾಗ ಇರೋದಾದ್ರ ಇದು ನಡಿಯಂಗಿಲ್ಲ" ಎಂದೆ.

ಮರುದಿನದಿಂದ ಬೂಟುಗಳು ಹೊರಗೋಡೆಯ ಮೊಳೆಗೆ ನೇತಾಡಿದವು. ಕಂಡು ನನಗೆ ಸಮಾಧಾನವೇ ಆಗಿತ್ತು.

ಆರು ತಿಂಗಳಲ್ಲಿ ಪಾದ ಮತ್ತೆ ಒಳಕ್ಕೆ ತಿರುಗಿತು. ಗಂಡ ಊರಲ್ಲಿರಲಿಲ್ಲ, ರಾಯಚೂರಿಗೆ ನಾನೇ ಜೊತೆಗೆ ಹೋದೆ. ಡಾಕ್ಟರು ಪಾದ ಹಿಡಿದು ನೋಡಿ, "ಬೂಟು ಯಾಕ ಬಿಡಿಸಿದಿ? ಈಗ ಆಪರೇಷನ್ನೇ ಮಾಡಬೇಕಾಗ್ತದ" ಎಂದು ಗದರಿದರು. ಅವಳು ಒಮ್ಮೆ ನನ್ನ ಕಡೆ ನೋಡಿದಳು.

"ಕೂಸು ಭಾಳ ಅಳ್ತಿತ್ರೀ ಸಾಹೇಬ್ರ. ನಾನ ಬಿಚ್ಚಿದೆ."

ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತ ನಿಂತೆ... ಆ ತಿಂಗಳೇ ಅವರು ಖೋಲಿ ಬಿಟ್ಟು ಹೋದರು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಹತ್ತು ಜನರ ನಡುವೆ ಕೂತರೂ ಆ ನೋಟ ನೆನಪಾದರೆ ನಾನು ಒಬ್ಬನೇ.

ಅಂಗಡಿಗೆ ಹೋಗಿ ಬಂದ ಮೇಲೆ ತಡೆಯಲಾಗದೆ, ಅವರಿವರನ್ನು ವಿಚಾರಿಸಿಕೊಂಡು ಸಿಂಧನೂರಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದವಳು ಮಗಳು. ಬಲಗಾಲು ಎಳೆದುಕೊಂಡು ನಡೆಯುತ್ತಾಳೆ. ಲಿಂಗಸುಗೂರಿನಿಂದ ಬಂದೆ, ನಿಮ್ಮವ್ವ ಬಾಡಿಗೆಗಿದ್ದ ಮನೆಯವನು ಎಂದೆ. ತಾಯಿ ತೀರಿಕೊಂಡು ಎರಡು ವರ್ಷವಾಯಿತಂತೆ.

"ಲಿಂಗಸುಗೂರ ಕಾಕಾರ ಏನ್ರೀ? ಅವ್ವ ನಿಮ್ಮನ್ನ ಭಾಳ ನೆನಸ್ತಿದ್ಲು. ನನ್ನ ದವಾಖಾನಿಗೆ ನೀವ ಕರಕೊಂಡು ಹೋಗಿದ್ರಂತ. ಒಳಗ ಬರ್ರಿ, ಚಾ ಮಾಡ್ತೀನಿ."

ಹೇಳಲೆಂದೇ ಹೋಗಿದ್ದೆ. ಚಹಾ ಕುಡಿದು ಎದ್ದು ಬಂದೆ. ಬಸ್ಸು ಮಸ್ಕಿ ದಾಟುವವರೆಗೂ, ಇಳಿದು ಹಿಂತಿರುಗಲೇ ಎಂದುಕೊಳ್ಳುತ್ತಲೇ ಇದ್ದೆ...

ತಾಯಿಗೆ ಹೇಳುವ ಕಾಲ ಮುಗಿದುಹೋಯಿತು. ಮಗಳೇ, ಎಂದಾದರೂ ಇದು ನಿನ್ನ ಕಣ್ಣಿಗೆ ಬಿದ್ದರೆ ತಿಳಿದುಕೋ: ಬೂಟು ಹಾಕಿದರೆ ನೀನು ಅಳುತ್ತಿರಲಿಲ್ಲ. ನಿಮ್ಮವ್ವ ನನಗಾಗಿ ಸುಳ್ಳು ಹೇಳಿದಳು.