ಅತ್ತಿಗೆಯ ಕೈ, ನಾದಿನಿಯ ಮೂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಮನೆಯೊಂದರ ಬಾಗಿಲು ತೆರೆದಿದೆ. ಹೊಸ್ತಿಲ ಹೊರಗೆ ಬಕೆಟ್ಟು, ಬ್ರಷ್ಷು, ಧೂಳು ಹೀರುವ ಯಂತ್ರ, ಹಳೆಬಟ್ಟೆಯ ಗಂಟು ಎಲ್ಲವೂ ಸಾಲಾಗಿ ಕೂತಿವೆ. ತಲೆಗೆ ಬಟ್ಟೆ ಕಟ್ಟಿಕೊಂಡ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಗೊರಗಿ ಸುಮ್ಮನೆ ನಿಂತಿದ್ದಾರೆ. ಅವರಿಗಿಂತ ಕೊಂಚ ಚಿಕ್ಕವರು ಇನ್ನೊಬ್ಬರು ಚಪ್ಪಲಿ ಬಿಟ್ಟು, ದೀಪ ಹಾಕದೆ, ಫ್ಯಾನು ಮುಟ್ಟದೆ ಒಳಗೆ ಹೋಗುತ್ತಾರೆ. ಒಂದೊಂದು ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ.

"ಹಾಲ್‌ನಲ್ಲಿ ಧೂಳು, ಅಷ್ಟೇ. ಅಡುಗೆಮನೇಲಿ ಹಳೇ ಎಣ್ಣೆ ಜಿಡ್ಡು. ಸಿಂಕಿನ ಕೆಳಗೆ ಪೈಪು ಒಸರ್ತಿದೆ."

ಕೊನೆಯ ಕೋಣೆಯಿಂದ ಕೂಗು.

"ಅತ್ತಿಗೇ! ಇಲ್ಲಿ ಫಿನಾಯಿಲು! ಕಣ್ಣು ಬಿಡೋಕಾಗ್ತಿಲ್ಲ!"

ಹೊರಗೆ ನಿಂತಿದ್ದ ಅತ್ತಿಗೆ ಪಕ್ಕಕ್ಕೆ ತಿರುಗಿ ಮನೆಯ ಯಜಮಾನರ ಮುಖ ನೋಡುತ್ತಾರೆ. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿವೆ, ಅಂಗಿಯ ತೋಳು ಒದ್ದೆ.

"ಎಷ್ಟು ಹಾಕಿದ್ರಿ ಸಾರ್?"

"ಒಂದು ಬಾಟ್ಲಿ. ನಿದ್ದೆ ಬರ್ಲಿಲ್ಲ. ನಿಮ್ಮ ಕೆಲಸ ಹಗುರ ಆಗ್ಲಿ ಅಂತ ಉಜ್ಜಿದೆ."

"ನೀರೆಷ್ಟು ಬೆರೆಸಿದ್ರಿ?"

"ನೀರು ಬೆರೆಸ್ಬೇಕಾ?"

ಹಿಂದೆ ಯಂತ್ರದ ಪಕ್ಕ ನಿಂತಿದ್ದ ಉದ್ದನೆಯ ಆಳು ನಗು ನುಂಗಿಕೊಳ್ಳುತ್ತಾರೆ. ಸ್ಟೂಲಿಲ್ಲದೆ ಫ್ಯಾನು ಒರೆಸಬಲ್ಲ ಅವರನ್ನು ಎಲ್ಲರೂ ಕರೆಯುವುದು ಏಣಿಯಣ್ಣ ಎಂದೇ. ಅತ್ತಿಗೆ ಮಾತ್ರ ನಗುವುದಿಲ್ಲ. ಆ ಕೊನೆಯ ಕೋಣೆ ಈ ಮನೆಯ ಆರು ವರ್ಷದ ಮಗಳದು. ಅವಳು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಇವತ್ತು ಸಂಜೆ ಮನೆಗೆ ಬರುತ್ತಿದ್ದಾಳೆ. ಧೂಳು, ಬೂಷ್ಟು, ಘಾಟು ಯಾವುದೂ ಮಗುವಿನ ಉಸಿರಿಗೆ ಸೋಕಕೂಡದೆಂದು ವೈದ್ಯರು ಹೇಳಿ ಕಳಿಸಿದ್ದಾರೆ. ಅದಕ್ಕೇ ಈ ಮೂವರನ್ನು ಕರೆಸಿರುವುದು. ಅದಕ್ಕೇ ಅಪ್ಪನಿಗೂ ರಾತ್ರಿಯಿಡೀ ಕೈ ಕಟ್ಟಿ ಕೂರಲಾಗಿಲ್ಲ.

ಅತ್ತಿಗೆ ನಾದಿನಿಯರೆಂದರೆ ಹಾವು ಮುಂಗುಸಿ ಅನ್ನುವ ಮಾತಿದೆಯಲ್ಲ, ಇವರಿಬ್ಬರನ್ನು ನೋಡಿದವರು ಅದನ್ನು ಅರ್ಧಕ್ಕೇ ನಿಲ್ಲಿಸಿಯಾರು. ಜಗಳ ದಿನವೂ ಇದೆ, ದೂರವಾಗುವ ಮಾತಿಲ್ಲ. ಅತ್ತಿಗೆಯ ಗಂಡ ತೀರಿಕೊಂಡಾಗ ಮಕ್ಕಳಿಬ್ಬರೂ ಚಿಕ್ಕವರು. ನಾದಿನಿಗೆ ಬೇರೆ ಕಡೆ ಹೋಗಲು ದಾರಿ ಇತ್ತು, ಹೋಗಲಿಲ್ಲ. "ಹೋಗ್ಬಹುದಿತ್ತು. ಆದ್ರೆ ಇವ್ರಿಗೆ ಬೈಯೋಕೆ ಯಾರು ಸಿಗ್ತಿದ್ರು?" ಎನ್ನುತ್ತಾರೆ. ಮೊದಲು ಇಬ್ಬರೂ ಮನೆಮನೆಯ ಪಾತ್ರೆ ತೊಳೆದವರು. ಮನೆಯನ್ನು ಮೂಲೆಮೂಲೆ ಕೆದಕಿ ತೊಳೆಯುವ ಈ ಡೀಪ್ ಕ್ಲೀನಿಂಗ್ ಕೆಲಸಕ್ಕೆ ಆಮೇಲೆ ಇಳಿದರು.

ದಿನಾ ಗುಡಿಸಿ ಒರೆಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದರೆ ಅತ್ತಿಗೆಯ ಬಳಿ ಉತ್ತರ ಸಿದ್ಧವಿದೆ. "ನೀವು ಕಾಣೋದನ್ನ ಒರೆಸ್ತೀರಿ. ನಾವು ಕಾಣದ್ದನ್ನ ಹುಡುಕ್ತೀವಿ." ಕೆಲಸ ಮೇಲಿನಿಂದ ಕೆಳಕ್ಕೆ. ಮೊದಲು ಫ್ಯಾನಿನ ರೆಕ್ಕೆ, ಕಪಾಟಿನ ನೆತ್ತಿ, ಎ.ಸಿ.ಯ ಜಾಲರಿ. ಆಮೇಲೆ ಕಿಟಕಿಯ ಸಂದು, ಫ್ರಿಜ್ಜಿನ ಬೆನ್ನು, ಒಲೆಯ ಹಿಂದಿನ ಗೋಡೆ. ನೆಲ ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯ ಗಾತ್ರದ ಮನೆಗೆ ಮೂರು ಜನಕ್ಕೆ ಪೂರಾ ಒಂದು ದಿನ ಬೇಕು, ವಾರಕ್ಕೆ ಐದು ಮನೆ. ಕರೆಸಿಕೊಳ್ಳುವವರಿಗೆ ಅತ್ತಿಗೆ ಮೊದಲೇ ಎಚ್ಚರಿಕೆ ಕೊಟ್ಟಿರುತ್ತಾರೆ: "ಮಧ್ಯಾಹ್ನ ಮಾತ್ರ ಬಂದು ನೋಡ್ಬೇಡಿ, ಅತ್ತುಬಿಡ್ತೀರಿ. ಬೆಳಗ್ಗೆಗಿಂತ ಗಲೀಜಾಗಿರತ್ತೆ." ಇನ್ನೊಂದು ಮಾತೂ ಇದೆ. "ಕೊಳೆ ತೆಗೀತೀವಿ, ವಯಸ್ಸು ತೆಗೆಯೋಕಾಗಲ್ಲ. ಸವೆದ ಟೈಲ್ಸು ಹೊಸದಾಗಲ್ಲ, ನನ್ನ ಮೊಣಕಾಲಿನ ಹಾಗೆ."

ಆದರೆ ಅತ್ತಿಗೆ ಮೊದಲು ತಾವೇ ಒಳಗೆ ಹೋಗದೆ ನಾದಿನಿಯನ್ನು ಕಳಿಸುವುದೇಕೆ? ಅವರಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಹೂವೂ ಒಂದೇ, ಹೊಗೆಯೂ ಒಂದೇ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಮನೆ. ಹೊರಗಿನವರು ಬಂದು ಬಚ್ಚಲಿನ ಕೊಳೆ ನೋಡುತ್ತಾರಲ್ಲ ಎಂದು ಆ ಮನೆಯಾಕೆಗೆ ನಾಚಿಕೆ. ಹಿಂದಿನ ರಾತ್ರಿಯೇ ಬ್ಲೀಚು ಸುರಿದು ಬಿಟ್ಟಿದ್ದರು. ಏನಾದರೂ ಹಾಕಿದ್ದೀರಾ ಎಂದು ಅತ್ತಿಗೆ ಕೇಳಿದಾಗ ಇಲ್ಲವೆಂದರು. ಅತ್ತಿಗೆ ಬಾಗಿಲು ಮುಚ್ಚಿಕೊಂಡು ಕಲೆಯ ಮೇಲೆ ಆಸಿಡ್ ಹಾಕಿದರು. ಎರಡೂ ಕೂಡಿ ವಿಷದ ಗಾಳಿ ಎದ್ದಿತು. ಏಣಿಯಣ್ಣ ಚಿಲಕ ಮುರಿದು ಎಳೆದು ತಂದದ್ದರಿಂದ ಜೀವ ಉಳಿಯಿತು. ಗಂಟಲು ಒರಟಾಯಿತು, ಮೂಗು ಹೋಯಿತು.

ಆಕೆಯ ಮೇಲೆ ಸಿಟ್ಟಿಲ್ಲವೇ? ಅತ್ತಿಗೆ ಕೈಬಟ್ಟೆ ಹಿಂಡುತ್ತಲೇ ಇಲ್ಲವೆಂದು ತಲೆಯಾಡಿಸುತ್ತಾರೆ. "ಪಾಪ, ಮರ್ಯಾದೆಗೆ ಅಂಜಿದ್ರು. ನಾನು ಕೇಳಿದ್ದೇ ಸರಿ ಇರ್ಲಿಲ್ಲ. ಏನಾದ್ರೂ ಹಾಕಿದೀರಾ ಅಂದ್ರೆ ಯಾರು ಹೌದು ಅಂತಾರೆ? ಈಗ ಹಾಗೆ ಕೇಳಲ್ಲ. ಎಷ್ಟು ಹಾಕಿದ್ರಿ ಅಂತಲೇ ಕೇಳ್ತೀನಿ. ಬಾಯಿಬಿಡ್ತಾರೆ."

ಇಲ್ಲಿ ಮಗುವಿನ ಕೋಣೆಯ ಕಿಟಕಿಗಳೆಲ್ಲ ತೆರೆದುಕೊಂಡಿವೆ. ಹಾಸಿಗೆ, ಪರದೆ ತಾರಸಿಯ ಬಿಸಿಲಿಗೆ ಹೋಗಿವೆ. ಬಿಸಿನೀರು, ಸಾದಾ ಸೋಪು, ಮತ್ತೆ ಬಿಸಿನೀರು. ಬೇರೇನನ್ನೂ ಮುಟ್ಟುವ ಹಾಗಿಲ್ಲ. ಅಪ್ಪ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಾರೆ. ಅತ್ತಿಗೆ ಅವರ ಕೈಗೆ ಆಟಿಕೆಗಳ ಬುಟ್ಟಿ, ಒಂದು ಒದ್ದೆ ಬಟ್ಟೆ ಕೊಟ್ಟು ಬಾಲ್ಕನಿಯಲ್ಲಿ ಕೂರಿಸುತ್ತಾರೆ. "ಒಂದೊಂದನ್ನೇ ನಿಧಾನವಾಗಿ ಒರೆಸಿ ಸಾರ್. ಕಿವಿ ಸಂದು ಬಿಡಬೇಡಿ." ಒಳಗೆ ಬಂದು ನಾದಿನಿಗೆ ಪಿಸುಗುಟ್ಟುತ್ತಾರೆ: "ಕೈ ಖಾಲಿ ಬಿಟ್ರೆ ಇನ್ನೊಂದು ಬಾಟ್ಲಿ ಹುಡುಕಿಬಿಡ್ತಾರೆ ಕಣೇ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಲ್, ಅಡುಗೆಮನೆ, ಬಚ್ಚಲು ಮುಗಿದಿವೆ. ಕೊನೆಯ ಕೋಣೆಯ ನೆಲವನ್ನು ನಾದಿನಿ ಮತ್ತೊಮ್ಮೆ ಒರೆಸಿ ಎದ್ದು ನಿಲ್ಲುತ್ತಾರೆ. ಅಪ್ಪನ ಫೋನು ಬಡಿದುಕೊಳ್ಳುತ್ತದೆ. ಅಮ್ಮ, ಮಗಳು ಆಸ್ಪತ್ರೆಯಿಂದ ಹೊರಟಿದ್ದಾರೆ.

"ಹೋಯ್ತು ಅತ್ತಿಗೆ. ಏನೂ ಇಲ್ಲ," ಎನ್ನುತ್ತಾರೆ ನಾದಿನಿ.

"ಕೆಳಗಿಳಿದು ರಸ್ತೇಲಿ ಹತ್ತು ನಿಮಿಷ ನಿಂತು ಬಾ."

"ಹೇಳಿದ್ನಲ್ಲ, ಹೋಯ್ತು ಅಂತ. ನನ್ನ ಮೂಗಿನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ಬೆಳಗ್ಗೆಯಿಂದ ಅದೇ ಗಾಳಿ ಕುಡಿದಿರೋ ಮೂಗಿನ ಮೇಲಿಲ್ಲ. ಹೋಗು."

ಗೊಣಗುತ್ತಲೇ ನಾದಿನಿ ಇಳಿದು ಹೋಗುತ್ತಾರೆ. ಮರಳಿ ಬಂದವರು ಕೋಣೆಯೊಳಗೆ ಕಾಲಿಡುವುದೇ ಇಲ್ಲ, ಬಾಗಿಲಲ್ಲೇ ನಿಲ್ಲುತ್ತಾರೆ. ದನಿ ತಗ್ಗುತ್ತದೆ. "ಇದೆ ಅತ್ತಿಗೆ. ಮಂಚದ ಹಲಗೆ ಕುಡಿದುಬಿಟ್ಟಿದೆ. ಅವ್ರಿಗೆ ಹೇಳ್ಬೇಡಿ, ಪಾಪ. ಕಿಟಕಿ ತೆಗೆದಿದ್ರೆ ರಾತ್ರಿಯೊಳಗೆ ಹೋಗ್ಬಹುದು."

"ಹೋಗದೇ ಇದ್ರೆ?"

ಅತ್ತಿಗೆ ಬಾಲ್ಕನಿಗೆ ಹೋಗಿ ಅಪ್ಪನೆದುರು ನೆಲದ ಮೇಲೇ ಕೂರುತ್ತಾರೆ.

"ಸಾರ್, ಆ ರೂಮು ಇವತ್ತಿಗೆ ಆಗ್ಲಿಲ್ಲ. ಮಗೂನ ಹಾಲ್‌ನಲ್ಲಿ ಮಲಗ್ಸಿ. ಹಲಗೆ ಆಚೆ ಇಡ್ತೀವಿ. ರೂಮಿನ ಬಾಗಿಲು ಮುಚ್ಚಿ, ಕಿಟಕಿ ತೆಗೆದಿಡಿ. ಮೂರು ದಿನ ಬಿಟ್ಟು ಬಂದು ನೋಡ್ತೀವಿ."

ಅವರ ಕೈಯಲ್ಲಿನ ಬಟ್ಟೆಯ ಆನೆ ಹಾಗೇ ನಿಲ್ಲುತ್ತದೆ. "ತಿಂಗಳಿಂದ ನನ್ನ ರೂಮು, ನನ್ನ ರೂಮು ಅಂತ ಒಂದೇ ಸಮ ಕೇಳ್ತಿದಾಳೆ. ಅಪ್ಪನೇ ಹಾಳು ಮಾಡ್ದ ಅಂತ ಹೇಗಮ್ಮಾ ಹೇಳ್ಲಿ? ನನಗಂತೂ ಏನೂ ವಾಸನೆ ಬರ್ತಿಲ್ಲ."

"ನಿಮಗೂ ಬರಲ್ಲ, ನನಗೂ ಬರಲ್ಲ ಸಾರ್. ಮಗುಗೆ ಬರತ್ತೆ."

ಅವರು ಆನೆಯನ್ನು ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಮನೆ ತೊಳೆಯುವವರು ಆ ಮನೆಯಲ್ಲಿ ಬದುಕುವವರನ್ನು ನೋಡುವುದು ಅಪರೂಪ. ಅವರು ಬರುವ ಹೊತ್ತಿಗೆ ಇವರು ಹೊರಟಿರಬೇಕು. ಇವತ್ತು ಮಾತ್ರ ಸಾಮಾನೆಲ್ಲ ವ್ಯಾನಿಗೆ ತುಂಬಿದ ಮೇಲೂ ಮೂವರೂ ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದಾರೆ. ಕತ್ತಲು ಕವಿಯುತ್ತಿದೆ. ಕಾರೊಂದು ಬಂದು ನಿಲ್ಲುತ್ತದೆ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಹಾಕಿದ ಹುಡುಗಿಯನ್ನು ಅಮ್ಮ ಎತ್ತಿಕೊಂಡು ಇಳಿಯುತ್ತಾರೆ. ಸಮೀಪ ಹೋಗಲು ನಾದಿನಿ ಒಂದು ಹೆಜ್ಜೆ ಇಟ್ಟರೆ ಅತ್ತಿಗೆ ತೋಳು ಹಿಡಿದು ನಿಲ್ಲಿಸುತ್ತಾರೆ. "ಮೈಯೆಲ್ಲ ಧೂಳು. ದೂರದಿಂದ್ಲೇ ನೋಡು."

ಮೇಲೆ ಹಾಲ್‌ನಲ್ಲಿ ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಕೊನೆಯ ಕೋಣೆಯಲ್ಲೂ ಹತ್ತುತ್ತದೆ.

"ಅತ್ತಿಗೆ! ರೂಮಿಗೇ ಕರ್ಕೊಂಡು ಹೋದ್ರು!"

ಏಣಿಯಣ್ಣ ರಸ್ತೆ ದಾಟಲು ಅಣಿಯಾಗುತ್ತಾರೆ. ಅಷ್ಟರಲ್ಲಿ ಕಿಟಕಿಯಲ್ಲಿ ಅಪ್ಪ ಒಬ್ಬರದೇ ನೆರಳು ಕಾಣುತ್ತದೆ. ಕಂಕುಳಲ್ಲಿ ದಿಂಬು. ಇನ್ನೊಂದು ಕೈಯಿಂದ ಕಿಟಕಿಯ ಎರಡೂ ಬಾಗಿಲುಗಳನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳುತ್ತಾರೆ. ದೀಪ ಆರುತ್ತದೆ. ಹಾಲ್‌ನದು ಉರಿಯುತ್ತಲೇ ಇದೆ.

ಅತ್ತಿಗೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮುಖ ಒರೆಸಿಕೊಂಡು ವ್ಯಾನಿನತ್ತ ನಡೆಯುತ್ತಾರೆ.

"ಒಂದು ರೂಮು ಬಾಕಿ ಉಳೀತು," ಎನ್ನುತ್ತಾರೆ. "ಬಾಕಿ ಇದೆ ಅಂತ ಹೇಳಿ ಬಂದಿದೀನಿ. ಇವತ್ತಿಗೆ ಅಷ್ಟು ಸಾಕು."