ರೊಟ್ಟಿ ಯಾರು ಬಡಿಯುತ್ತಾರೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಎಷ್ಟು ಜನರಿಗಿದೆ ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ನನ್ನದಾಗಿತ್ತು. ಕೈಯಲ್ಲಿ ಟ್ಯಾಬ್, ಅದರೊಳಗೆ ಪ್ರಶ್ನೆಗಳು. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವಾಗುತ್ತದೆಯೇ? ಬರೆಯುವ ಅಕ್ಷರ ಸಣ್ಣದಾಗಿದೆಯೇ? ಸೀರೆ ಉಡುವ, ಹೆಬ್ಬೆಟ್ಟು ಒತ್ತುವ ಮುದುಕಿಯರಿಗೆ ಇದನ್ನು ಕೇಳು ಎಂದವರು ಯಾರೋ, ನನಗಂತೂ ಸಿಟ್ಟು ಬರುತ್ತಿತ್ತು. ನಾನೇ ಒಂದು ಪ್ರಶ್ನೆ ಕಟ್ಟಿಕೊಂಡೆ: "ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ?" ಬಡಿಯುತ್ತಿದ್ದವಳು ಕೈ ಸಾಗದೆ ಬಿಟ್ಟಿದ್ದರೆ ಅಲ್ಲಿ ಕಾಯಿಲೆಯ ಸುಳಿವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಕನ್ನೊಳ್ಳಿಯ ಒಂದು ಮನೆಯಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು, ಸೊಸೆ ತೊಗರಿ ಹಸನು ಮಾಡುತ್ತಿದ್ದಳು. ಅದೇ ಪ್ರಶ್ನೆ ಕೇಳಿದೆ.

"ಸೊಸಿ ಬಂದ ಮ್ಯಾಲ ನಾ ಯಾಕ ಬಡೀಲಿ?" ಎಂದಳು ಅತ್ತೆ, ಕಿವಿಗೊಟ್ಟು ಕೇಳಬೇಕಾದಷ್ಟು ಸಣ್ಣ ದನಿಯಲ್ಲಿ.

ಸೊಸೆ ಬಂದ ಮನೆಯಲ್ಲಿ ಅತ್ತೆ ಒಲೆ ಬಿಡುವುದು ನಮ್ಮ ಕಡೆ ಮರ್ಯಾದೆಯ ಮಾತು. ನಾನು ನಕ್ಕೆ. ಅವಳು ನಗಲಿಲ್ಲ. ಅತ್ತೆಯ ಗತ್ತು ಅಂದುಕೊಂಡೆ. ಕೈಯಂತೂ ನಡುಗುತ್ತಿರಲಿಲ್ಲ. 'ಇಲ್ಲ' ಎಂದು ಒತ್ತಿ ಮುಂದಿನ ಮನೆಗೆ ಹೋದೆ.

'ಇಲ್ಲ' ಎಂದ ಮನೆಗಳಲ್ಲಿ ಕೆಲವನ್ನು ಆರಿಸಿ ಡಾಕ್ಟರು ಮತ್ತೆ ನೋಡುವ ಪದ್ಧತಿಯಿತ್ತು. ಅದರಲ್ಲಿ ಈ ಮನೆಯೂ ಬಂತು. ದಾರಿಯಲ್ಲಿ ನನ್ನ ಪ್ರಶ್ನೆಯ ಕಥೆ ಕೇಳಿದ್ದ ಡಾಕ್ಟರು, "ಯಮ್ಮಾ, ಇವತ್ತೊಂದು ರೊಟ್ಟಿ ನೀವ ಬಡೀರಿ, ನೋಡೋಣು" ಎಂದರು. ಸೊಸೆ ಹಿಟ್ಟು ನಾದಿ ಕೊಟ್ಟಳು. ಎಡಗೈ ಅಷ್ಟಿಷ್ಟು ತಟ್ಟಿತು. ಬಲಗೈ ಹಿಟ್ಟಿನ ಮೇಲೆ ಸುಮ್ಮನೆ ಕೂತಿತು. ಅತ್ತೆ ಅದನ್ನೇ ನೋಡುತ್ತಿದ್ದಳು. ಉಂಡೆ ಅಗಲವಾಗಲಿಲ್ಲ, ಅಂಚು ಒಡೆಯಿತು.

ಡಾಕ್ಟರು ಅವಳ ಕೈ ಮಡಚಿ, ಬಿಡಿಸಿ, ಅಂಗಳದಲ್ಲಿ ನಡೆಸಿ ನೋಡಿದರು. ನಡುಕವಿಲ್ಲದೆಯೂ ಈ ಕಾಯಿಲೆ ಇರುತ್ತದೆ, ಮೈ ಬಿಗಿಯುತ್ತದೆ, ದನಿ ಇಳಿಯುತ್ತದೆ, ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಒಳಗೆ ನಗು ಬಂದರೂ ಮುಖಕ್ಕೆ ಬರುವುದಿಲ್ಲ, ಗುಳಿಗೆಯಿಂದ ಸುಧಾರಿಸಬಹುದು ಎಂದರು.

ಸೊಸೆ ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಬಂದಳು. "ಮದುವಿಯಾದ ವರ್ಷ ಚೆಂದ ಇದ್ರುರಿ. ಆಮ್ಯಾಲ ನನ್ನ ಮುಖ ನೋಡಿ ಒಂದಿನಾ ನಗಲಿಲ್ಲ. ನನ್ನ ಕಂಡ್ರ ಆಗಂಗಿಲ್ಲ ಅಂತ ತಿಳ್ಕೊಂಡು ನಾನೂ ಮಾತು ಬಿಟ್ನಿ. ಊಟದ ಗಂಗಾಳ ಮುಂದಿಟ್ಟು ಹೊಳ್ಳಿ ಬರ್ತಿದ್ನಿ."

ಅತ್ತೆ ಅದೇ ಮುಖದಲ್ಲಿ, ಅದೇ ಸಣ್ಣ ದನಿಯಲ್ಲಿ ಹೇಳಿದಳು: "ದಿನಾ ನಗತಿದ್ನಲ್ಲ ಯವ್ವಾ. ನಿನಗ ಕಾಣಲಿಲ್ಲೇನು?"

ಆ ಮನೆಯದೊಂದು 'ಇಲ್ಲ' ತಿದ್ದಿದರು. ಉಳಿದ 'ಇಲ್ಲ'ಗಳು ಬಹುಪಾಲು ನಾನು ಒತ್ತಿದ ಹಾಗೆಯೇ ಲೆಕ್ಕ ಸೇರಿದವು. ಸೊಸೆಯಂದಿರಿರುವ ಎಷ್ಟು ಮನೆಗಳಲ್ಲಿ ಆ ಜಾಣ ಪ್ರಶ್ನೆ ಕೇಳಿದ್ದೆನೋ. ಈಗ ಬಸ್ಸಿನ ಕಿಟಕಿಯಿಂದ ಕಟ್ಟೆಯ ಮೇಲೆ ಕೂತ ಮುದುಕಿ ಕಂಡರೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಬಾಗೇವಾಡಿ ಕಡೆ ಒಬ್ಬಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತ ಕೂತಿದ್ದಳು. ಏನು ಸೊಕ್ಕು ಈ ಮುದುಕಿಗೆ ಎಂದು ಮನಸ್ಸಿನಲ್ಲೇ ಬೈದುಕೊಂಡು, ಅವರು ಇಟ್ಟ ಚಹಾ ಕೂಡ ಮುಟ್ಟದೆ ಎದ್ದು ಬಂದಿದ್ದೆ. ಆ ಮುಖ ಕಣ್ಣ ಮುಂದಿನಿಂದ ಸರಿಯುವುದಿಲ್ಲ. ಊರು ಯಾವುದೆಂದು ಮಾತ್ರ ಎಷ್ಟು ತಲೆ ಕೆಡಿಸಿಕೊಂಡರೂ ನೆನಪಾಗುತ್ತಿಲ್ಲ.